ಹಕ್ಕಿಯ ಮನೆಗೆ ಆಯ ನೋಡಿದ್ದು

ಪ್ರತಿಯೊಂದು ಮನೆಯಲ್ಲೂ ನಾಳೆ ಮಾಡಿದರಾಯಿತು ಎಂದು ಬಿಟ್ಟ ಕೆಲಸ ಒಂದಾದರೂ ಇರುತ್ತದೆ. ಕೆಲವರ ಮನೆಯಲ್ಲಿ ಅದು ತೊಟ್ಟಿಕ್ಕುವ ನಲ್ಲಿ, ಕೆಲವರ ಮನೆಯಲ್ಲಿ ಕಾಲು ಅಲ್ಲಾಡುವ ಮಂಚ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಗೋಡೆಯಲ್ಲಿರುವ ಒಂದು ತೂತು. ಒಂದಡಿ ಉದ್ದ, ಒಂದಡಿ ಅಗಲ. ಹೊಗೆ ಎಳೆಯುವ ಫ್ಯಾನು ಕೂರಿಸಲು ಐದು ವರ್ಷದ ಹಿಂದೆ ನಾನೇ ಬಿಡಿಸಿದ್ದು. ಫ್ಯಾನೂ ಇದೆ. ಕೆ.ಆರ್. ಪೇಟೆಯಿಂದ ತಂದ ಡಬ್ಬದಲ್ಲೇ, ಕಟ್ಟಿದ ದಾರ ಬಿಚ್ಚದೆ, ಅಟ್ಟದ ಮೇಲೆ ಕೂತಿದೆ. ತೂತಿಗೂ ಫ್ಯಾನಿಗೂ ನಡುವೆ ಇರುವುದು ಎಂಟಡಿ ದೂರ ಮತ್ತು ನಾನು.

ನಾನು ಬಡಗಿ. ಅಕ್ಕಿಹೆಬ್ಬಾಳಿನ ಮುಕ್ಕಾಲು ಪಾಲು ಬಾಗಿಲು ಕಿಟಕಿಗಳು ನನ್ನ ಕೈಯಲ್ಲಿ ಆದವು. ಇದು ಜಂಬವಲ್ಲ, ಏಕೆಂದರೆ ಇದೇ ಮಾತನ್ನು ನನ್ನ ಹೆಂಡತಿ ಸರೋಜ ದೂರಿನ ಹಾಗೆ ಹೇಳುತ್ತಿದ್ದಳು. ಮನೆಗೆ ಯಾರು ಬಂದರೂ, “ಊರಿಗೆಲ್ಲ ತೇಗದ ಬಾಗ್ಲು ಇಕ್ಕವ್ರೆ ಕಣವ್ವ. ನಮ್ಮನೆ ಬಚ್ಚಲಿಗೆ ಇನ್ನೂವೆ ಗೋಣಿಚೀಲ,” ಎನ್ನುತ್ತಿದ್ದಳು. ಫ್ಯಾನಿನ ವಿಷಯದಲ್ಲಂತೂ ಅವಳು ಮಾತು ಸಾಲದೆ ಬರವಣಿಗೆಗೆ ಇಳಿದಳು. ಗಾಳಿ ನುಗ್ಗುತ್ತದೆಂದು ತೂತಿನ ಹೊರಬಾಯಿಯ ಕೆಳಗಿನ ಅರ್ಧಕ್ಕೆ ಹಳೇ ಗೋಣಿ ತುರುಕಿ, ಒಳಗಡೆ ರಟ್ಟು ಅಡ್ಡ ಕೊಟ್ಟು, ಅದರ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು ನೇತುಹಾಕಿದಳು. ಪ್ರತಿ ತಿಂಗಳ ಒಂದನೇ ತಾರೀಕಿನ ಚೌಕದಲ್ಲಿ ‘ಫ್ಯಾನು’ ಎಂದು ಬರೆಯುತ್ತಿದ್ದಳು. ಬರೆಯಲು ನನ್ನ ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ಲನ್ನೇ ಎಳೆದುಕೊಳ್ಳುತ್ತಿದ್ದಳು, ಬರೆದು ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದಳು.

ಹೋದ ಕಾರ್ತೀಕದಲ್ಲಿ ಸರೋಜ ತೀರಿಕೊಂಡಳು. ಕಿಡ್ನಿಯ ಕಾಯಿಲೆ. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಏನಾಯಿತೆಂದು ನನಗೆ ಎರಡು ಸಲ ಬಿಡಿಸಿ ಹೇಳಿದರು. ನನಗೆ ಅರ್ಥವೂ ಆಯಿತು. ಆದರೆ ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಜಗಲಿಯಲ್ಲಿ ಒಬ್ಬನೇ ಕೂತಿದ್ದಾಗ ನನ್ನ ತಲೆ ತನಗೆ ಬರುವ ಒಂದೇ ಲೆಕ್ಕವನ್ನು ಮಾಡಿತು. ಅದು ಆಯದ ಲೆಕ್ಕ.

ಆಯ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಮನೆ ಕಟ್ಟುವಾಗ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸುತ್ತೇವೆ. ಉಳಿದದ್ದೇ ಆಯ. ಒಂದು ಉಳಿದರೆ ಬಾವುಟ, ಮೂರಾದರೆ ಸಿಂಹ, ಐದು ಎತ್ತು, ಏಳು ಆನೆ, ಇವು ಒಳ್ಳೆಯವು. ಎರಡು ಹೊಗೆ, ನಾಲ್ಕು ನಾಯಿ, ಆರು ಕತ್ತೆ, ಏನೂ ಉಳಿಯದಿದ್ದರೆ ಕಾಗೆ, ಇವು ಕೂಡದು. ಬೂಕನಕೆರೆಯಲ್ಲಿ ಒಬ್ಬರ ಪಡಸಾಲೆ ಕತ್ತೆಗೆ ಬಂದಿತ್ತೆಂದು ಏಳಡಿ ಎದ್ದ ಗೋಡೆಯನ್ನು ಕೆಡವಿಸಿದವನು ನಾನು. ಅವರು ಇವತ್ತಿಗೂ ಚೆನ್ನಾಗಿದ್ದಾರೆ, ನನ್ನ ಜೊತೆ ಮಾತನಾಡುವುದಿಲ್ಲ ಅಷ್ಟೇ. ಇಂಥ ನಾನು, ಗ್ಯಾಸಿಗೂ ಮಿಕ್ಸಿಗೂ ಜಾಗ ಸಾಲದೆಂದು ಸರೋಜ ಕೇಳಿದಾಗ, ಒಂಬತ್ತು ಅಡಿ ಉದ್ದ ಏಳು ಅಡಿ ಅಗಲದ ಆನೆಯಂಥ ಅಡುಗೆಮನೆಯನ್ನು ಮೂರಡಿ ಉದ್ದ ಮಾಡಿದೆ. ಸ್ವಂತ ಮನೆ ತಾನೆ ಎಂದು ಆಯ ನೋಡಲಿಲ್ಲ. ಈಗ ನೋಡಿದೆ. ಹನ್ನೆರಡು ಏಳಲೆ ಎಂಬತ್ತನಾಲ್ಕು. ಉಳಿಕೆ ನಾಲ್ಕು. ನಾಯಿ.

ಯಾರಿಗೂ ಹೇಳಲಿಲ್ಲ. ಹತ್ಯಾರಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಅಡುಗೆಮನೆಯ ಬಾಗಿಲನ್ನೂ ಎಳೆದುಕೊಂಡೆ. ಕಾಫಿ ನಡುಮನೆಯ ಕರೆಂಟ್ ಒಲೆಯಲ್ಲಿ, ಊಟ ಗೆಳೆಯ ಜವರೇಗೌಡನ ಮನೆಯಿಂದ. ಬೀದಿಯಲ್ಲಿ ನಾಯಿ ಎದುರಾದರೆ ಹೊಡೆಯಲೂ ಆಗದೆ ಮುಖ ನೋಡಲೂ ಆಗದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ. ನಮ್ಮ ಬೀದಿಯ ನಾಯಿಗಳಿಗೆ ಆ ಆರು ತಿಂಗಳು ಸಿಕ್ಕಿದಷ್ಟು ಮರ್ಯಾದೆ ಯಾವ ಊರಿನಲ್ಲೂ ಸಿಕ್ಕಿರಲಾರದು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಜವರೇಗೌಡ ಬಂದು ಜಗಲಿಯ ಕೆಳಗೆ ನಿಂತ.

“ಲೇ ಆಚಾರಿ, ಎದ್ದೇಳ್ಲಾ. ಯೂನಿವರ್ಸಿಟಿ ಐಕ್ಳು ಬಂದು ಸಮುದಾಯ ಭವನದಾಗೆ ಇಳ್ಕಂಡವ್ರೆ. ಒಂದು ತಿಂಗ್ಳು ಇರ್ತಾರಂತೆ. ಕಾಡು, ಪ್ರಾಣಿ, ಪಕ್ಷಿ ಅಂತ ಅದೇನೋ ಬೇಸಿಗೆ ಕೋರ್ಸಂತೆ.”

“ಕಾಡು ನೋಡಕ್ಕೆ ಅಕ್ಕಿಹೆಬ್ಬಾಳಿಗೆ ಬಂದವ್ರಾ?”

“ಅಂಗೇ ಅಂದೆ ಕಣ್ಲಾ ನಾನೂವೆ. ಕಾಡಿಗೆ ಆಮೇಲೆ ಓಗ್ತಾರಂತೆ, ಮೊದ್ಲು ನಮ್ಮ ತೋಟ, ಒಳೆ ದಡ ಕಲ್ತ್ಕತಾರಂತೆ. ನಿನ್ನೆ ನನ್ನ ಗದ್ದೇಲಿ ಒಬ್ಬ ಕಪ್ಪೆ ಇಡ್ಕಂಡು ಸ್ಕೇಲಾಕಿ ಅಳೀತಿದ್ದ. ನಮ್ಮಪ್ಪನ ಕಾಲ್ದಿಂದ ಆ ಗದ್ದೇಲಿ ಕಪ್ಪೆ ಅವೆ, ಒಂದ್ ದಿನ ಯಾವನೂ ಉದ್ದ ಎಷ್ಟು ಅಂತ ಕೇಳಿರ್ನಿಲ್ಲ.” ನಕ್ಕು, ಮತ್ತೆ ದನಿ ತಗ್ಗಿಸಿದ. “ಗೂಡಿನ ಪೆಟ್ಟಿಗೆ ಬೇಕಂತೆ, ಅನ್ನೆಲ್ಡು. ನಿನ್ನೆಸ್ರು ಯೋಳ್ಬುಟ್ಟಿವ್ನಿ. ಸುಮ್ಕೆ ಕೂತ್ಕಂಡು ಇನ್ನೆಷ್ಟು ದಿನ ಕಂಬ ನೋಡೀಯ?”

ಮಧ್ಯಾಹ್ನ ಚೈತ್ರ ಎಂಬ ಹುಡುಗಿ ಅಳತೆಯ ಚೀಟಿ ಹಿಡಿದು ಬಂದಳು. ಎಂ.ಎಸ್ಸಿ. ಓದುವವಳು, ಪಕ್ಕದ ಪಾಂಡವಪುರದ ಕಡೆಯವಳು, ಹಾಗಾಗಿ ಬಂದವಳೇ ಜಗಲಿಯಲ್ಲಿ ಕೂತು ‘ತಾತ’ ಎಂದಳು. ಹಕ್ಕಿಗಳಿಗೆ ಯಾವ ದಿಕ್ಕಿನ ಬಾಗಿಲು ಇಷ್ಟ ಎಂದು ತಿಳಿಯುವುದು ಅವಳ ಪ್ರಾಜೆಕ್ಟು. ದಿಕ್ಕಿಗೆ ಮೂರರಂತೆ ಹನ್ನೆರಡು ಪೆಟ್ಟಿಗೆ. ತಳ ಆರು ಅಂಗುಲಕ್ಕೆ ಎಂಟು. ಪ್ರಾಜೆಕ್ಟು ಆಗದಿದ್ದರೆ ಕೋರ್ಸು ಪಾಸಿಲ್ಲ.

ಆರು ಎಂಟಲೆ ನಲವತ್ತೆಂಟು. ಎಂಟರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಕಾಗೆ! ಹನ್ನೆರಡು ಸಣ್ಣ ಸಂಸಾರಗಳಿಗೆ ಕಾಗೆಯ ಆಯ ಇಡಲು ಇಷ್ಟು ಓದಿದವರಿಗೆ ಮನಸ್ಸಾದರೂ ಹೇಗೆ ಬಂತು? ಒಂದು ಮನೆ ಕೆಡಿಸಿ ಕೂತವನು ನಾನು, ಇನ್ನು ಹನ್ನೆರಡನ್ನು ಕೆಡಿಸುವವನಲ್ಲ. ಆಯ ಮನೆಯವರ ನಕ್ಷತ್ರಕ್ಕೂ ಹೊಂದಬೇಕಾದ್ದರಿಂದ ಮೆಲ್ಲಗೆ ಕೇಳಿದೆ, “ಈ ಹಕ್ಕಿಗಳ ಜನ್ಮನಕ್ಷತ್ರ ಏನಾದ್ರೂ ಗೊತ್ತೇನವ್ವ?”

“ಮೊಟ್ಟೆ ಇಟ್ಟ ದಿನದ್ದೋ, ಒಡೆದ ದಿನದ್ದೋ ತಾತ?” ಎಂದು ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆಂದು ಅವಳು ತಿಳಿದಳು. ಆಯ ನೋಡಲು ಅವಳು ಒಪ್ಪಿದಳೆಂದು ನಾನು ತಿಳಿದೆ.

ಜನ್ಮನಕ್ಷತ್ರ ಗೊತ್ತಿಲ್ಲದವರಿಗೆ ಹೆಸರಿನ ಮೊದಲಕ್ಷರದಿಂದ ನಕ್ಷತ್ರ ಹಿಡಿಯುವುದು ರೂಢಿ. ಮಡಿವಾಳ ಹಕ್ಕಿ ಮಖಾ ನಕ್ಷತ್ರ, ಗುಬ್ಬಚ್ಚಿ ಧನಿಷ್ಠಾ, ಗೊರವಂಕ ಶತಭಿಷ. ಅದಕ್ಕೆ ತಕ್ಕಂತೆ ಮಡಿವಾಳ ಹಕ್ಕಿಗೆ ಏಳಕ್ಕೆ ಏಳರ ಬಾವುಟ, ಗುಬ್ಬಚ್ಚಿಗೆ ಐದಕ್ಕೆ ಏಳರ ಸಿಂಹ, ಮೈಕೈ ತುಂಬಿಕೊಂಡ ಗೊರವಂಕಕ್ಕೆ ಒಂಬತ್ತಕ್ಕೆ ಏಳರ ಆನೆ ಎಂದು ತೀರ್ಮಾನಿಸಿದೆ. ಆರು ತಿಂಗಳ ಮೇಲೆ ಪೆಟ್ಟಿಗೆಯ ಬೀಗ ತೆಗೆದೆ. ಉಳಿಗೆ ತುಕ್ಕು ಬಂದಿತ್ತು, ಉಜ್ಜಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದ್ದರಿಂದ ಮೊಳೆ ಹೊಡೆದು ಸಿಕ್ಕಿಸಿಕೊಂಡೆ. ಮೊಳೆ ಒಳ್ಳೆಯದೇ. ಆದರೆ ಅದು ನಡುನಡುವೆ “ಸೊಟ್ಟಗದೆ ನೋಡ್ಕಳಿ” ಎನ್ನುವುದಿಲ್ಲ.

ಪೆಟ್ಟಿಗೆ ಮುಗಿದ ದಿನ ಹುಡುಗರೆಲ್ಲ ಹೊಳೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಸರೋಜಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ದೋಣಿಯಲ್ಲಿ ಕೂತು ಅವಳು ಕೊಕ್ಕರೆ ಎಣಿಸುತ್ತಿದ್ದಳು, ನಾನು ದೋಣಿಯ ಹಲಗೆ ಹೇಗೆ ಕೂಡಿಸಿದ್ದಾರೆಂದು ಬಗ್ಗಿ ನೋಡುತ್ತಿದ್ದೆ. “ಅಷ್ಟು ದೂರದಿಂದ ಬಂದವೆ, ಒಂದ್ಸಲ ಮುಖ ಎತ್ತಿ ನೋಡಿ, ಬೇಜಾರು ಮಾಡ್ಕತವೆ,” ಎಂದಿದ್ದಳು. ಇರಲಿ. ಹುಡುಗರು ವಾಪಸು ಬರುವಷ್ಟರಲ್ಲಿ ಕೆಲಸ ಮುಗಿಸಿ ಬೆರಗುಗೊಳಿಸೋಣವೆಂದು ಜವರೇಗೌಡನ ತೋಟದ ಮಾವು, ಹೊಂಗೆಗಳಿಗೆ ಏಣಿ ಹಾಕಿ ಹನ್ನೆರಡನ್ನೂ ಕಟ್ಟಿದೆ. ಹನ್ನೆರಡೂ ಪೂರ್ವಕ್ಕೆ ಮುಖ.

ಮಾರನೆಯ ಬೆಳಿಗ್ಗೆ ಚೈತ್ರ ಮರದಿಂದ ಮರಕ್ಕೆ ಓಡಿದಳು. “ಅಯ್ಯೋ ತಾತ, ಏನ್ ಮಾಡ್ಬುಟ್ರಿ! ಒಂದೊಂದು ಒಂದೊಂದು ಸೈಜು! ಎಲ್ಲಾ ಪೂರ್ವಕ್ಕೇ ನೋಡ್ತಾವಲ್ಲ!”

“ಇನ್ನೇನವ್ವ ಮತ್ತೆ? ದಕ್ಷಿಣಕ್ಕೆ ಬಾಗ್ಲಿಟ್ಕಂಡು ಯಾವ ಹಕ್ಕಿ ಸಂಸಾರ ಮಾಡ್ತದೆ?”

“ಅದನ್ನೇ ತಾತ ನಾನು ಕಂಡುಹಿಡೀಬೇಕಾಗಿದ್ದು!”

ಜವರೇಗೌಡ ಮಾವಿನ ಮರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಲೇ ಆಚಾರಿ, ಗೃಹಪ್ರವೇಶಕ್ಕೆ ಒಬ್ಬಟ್ಟು ಮಾಡ್ಸಿದ್ದೀಯೇನ್ಲಾ?”

ಹೊಸದಾಗಿ ಮಾಡಿಕೊಡುತ್ತೇನೆಂದೆ. ಕೋರ್ಸು ಮುಗಿಯಲು ಎರಡೇ ವಾರ ಉಳಿದಿತ್ತು, ಅಷ್ಟರಲ್ಲಿ ಹಕ್ಕಿ ಬಂದು ಗೂಡು ಕಟ್ಟುವುದು ಯಾವಾಗ? ಅವಳು ನಮ್ಮ ಜಗಲಿಗೆ ಬಂದು ಕೂತು ಸದ್ದಿಲ್ಲದೆ ಅತ್ತಳು. ಅಳುವವರಿಗೆ ಏನು ಹೇಳಬೇಕೆಂದು ಆರು ತಿಂಗಳಿಂದ ಊರವರ ಬಾಯಲ್ಲಿ ಕೇಳಿದ್ದೆ. ಅದರಲ್ಲಿ ಒಂದು ಮಾತೂ ಉಪಯೋಗಕ್ಕೆ ಬರುವಂಥದ್ದಲ್ಲವೆಂದು ನನಗೇ ಗೊತ್ತಿತ್ತು. ಕಾಫಿ ಮಾಡುತ್ತೇನೆಂದು ಎದ್ದೆ. “ನೀವು ಕೂತ್ಕಳಿ, ನಾನೇ ಮಾಡ್ತೀನಿ,” ಎಂದು ಮೂಗು ಒರೆಸಿಕೊಂಡು ಒಳಗೆ ಹೋದಳು. ನಡುಮನೆಯ ಒಲೆ ಕಾಣದೆ, ನಾನು ತಡೆಯುವ ಮೊದಲೇ, ಅಡುಗೆಮನೆಯ ಬಾಗಿಲು ತಳ್ಳಿದಳು.

ಪಾತ್ರೆ ಹುಡುಕುವ ಸದ್ದು ಕೇಳಿಸಿತು. ಆಮೇಲೆ ಪಿಸುದನಿ. “ತಾತ, ಬನ್ನಿ ಇಲ್ಲಿ. ನಿಮ್ಮ ಕ್ಯಾಲೆಂಡರು ಕಿರುಚ್ತಾ ಅದೆ.”

“ಇಲಿ ಇರ್ಬೇಕು ಬುಡವ್ವ,” ಎಂದೆ. ಅವಳು ಕ್ಯಾಲೆಂಡರನ್ನು ಒಂಚೂರು ಸರಿಸಿ, ರಟ್ಟಿನ ಮೂಲೆಯ ಸಂದಿಗೆ ಕಣ್ಣಿಟ್ಟು, ನನ್ನ ತೋಳು ಹಿಡಿದೆಳೆದಳು. ಗೋಣಿಯ ಈಚೆ, ಹುಲ್ಲು ನಾರಿನ ನಡುವೆ, ನಾಲ್ಕು ಬಾಯಿ. ಮರಿ ಎನ್ನುವಂಥದ್ದೇನೂ ಕಾಣಲಿಲ್ಲ, ಬರೀ ಬಾಯಿ. ಹೊರಗಿನಿಂದ ಕಪ್ಪು ಬಿಳುಪಿನ ಮಡಿವಾಳ ಹಕ್ಕಿಯೊಂದು ಕೊಕ್ಕಿನಲ್ಲಿ ಹುಳ ಹಿಡಿದು ಬಂತು.

“ಇದನ್ನ ಯಾರು ಮಾಡಿದ್ದು ತಾತ? ಗಾಳಿ ಬರಲ್ಲ, ಬೆಕ್ಕು ಬರಲ್ಲ, ಮಳೆ ಬೀಳಲ್ಲ. ನಿಮ್ಮ ಹನ್ನೆರಡಕ್ಕಿಂತ ಚೆನ್ನಾಗದೆ.”

ಸರೋಜ ಎಂದೆ. ಹೇಳಲು ಹೊರಟದ್ದು ಅಷ್ಟೇ. ಆದರೆ ಬಾಯಿ ನಿಲ್ಲಲಿಲ್ಲ. ಹನ್ನೆರಡು ಏಳಲೆ ಎಂಬತ್ತನಾಲ್ಕು, ಉಳಿಕೆ ನಾಲ್ಕು, ನಾಯಿ, ಎಲ್ಲವನ್ನೂ ಆ ಹುಡುಗಿಗೆ ಹೇಳಿಬಿಟ್ಟೆ. ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ.

“ನಮ್ಮಜ್ಜಿ ಸತ್ತಾಗ ನಮ್ಮಪ್ಪನೂ ಇಂಗೇ ಮಾಡ್ತಿದ್ರು ತಾತ. ಬಾವಿ ತೋಡಿಸಿದ ಜಾಗ ಸರಿಯಿಲ್ಲ, ಅದುಕ್ಕೇ ಓಗ್ಬುಟ್ರು ಅಂತ. ಅಜ್ಜಿಗೆ ತೊಂಬತ್ತೆರಡು ವರ್ಷ.” ಮತ್ತೆ ಸಂದಿಗೆ ಕಣ್ಣಿಟ್ಟಳು. “ನಾಕು ಉಳೀತು ಅಂದ್ರಲ್ಲ? ಸರಿಯಾಗೇ ಅದೆ ನೋಡಿ ಲೆಕ್ಕ. ಒಳಗೆ ನಾಕೇ ಅವೆ.”

ಒಂದು ಮಾತಿಗೆ ನಲವತ್ತು ವರ್ಷದ ನಂಬಿಕೆ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಟೇಪು ತೆಗೆದು ತೂತನ್ನು ಅಳೆದು ಹನ್ನೆರಡಕ್ಕೆ ಹನ್ನೆರಡು ಎಂದು ಬರೆದುಕೊಳ್ಳುವಾಗ, ಬೇಡವೆಂದರೂ ನನ್ನ ತಲೆ ಗುಣಿಸಿತು. ನೂರ ನಲವತ್ತನಾಲ್ಕು, ಉಳಿಕೆ ಸೊನ್ನೆ, ಕಾಗೆ. ನಾಯಿಯ ಆಯದ ಅಡುಗೆಮನೆಯಲ್ಲಿ ಕಾಗೆಯ ಆಯದ ತೂತು, ಅದೂ ದಕ್ಷಿಣಕ್ಕೆ ಮುಖ. ನಾಲ್ಕು ಮರಿಗಳಿಗೂ ಇದನ್ನು ಯಾರೂ ಹೇಳಿದಂತಿರಲಿಲ್ಲ. ಹೊಟ್ಟೆ ತುಂಬ ತಿಂದು ಬೆಳೆಯುತ್ತಿದ್ದವು.

ಚೈತ್ರ ಅಲ್ಲೇ ಪ್ರಾಜೆಕ್ಟು ಬದಲಿಸಿದಳು. ತಂದೆ ಹಕ್ಕಿ ಎಷ್ಟು ಸಲ ಉಣಿಸುತ್ತದೆ, ತಾಯಿ ಎಷ್ಟು ಸಲ ಎಂಬುದು ಹೊಸ ವಿಷಯ. ಹತ್ತು ದಿನ ಬೆಳಗಿನಿಂದ ಸಂಜೆಯವರೆಗೆ ನಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. ಮನೆಯೊಳಗೆ ಕೂತ ಹುಡುಗಿಯನ್ನು ಬರಿ ಕಾಫಿಯಲ್ಲಿ ಇಡುವುದು ಹೇಗೆ? ಮೊದಲ ದಿನ ಉಪ್ಪಿಟ್ಟು ಮಾಡಿದೆ. ಅವಳು ಅದನ್ನು ನೋಟ್‌ಬುಕ್ಕಿನಿಂದ ಮರೆಮಾಡಿ ಹಿತ್ತಿಲ ಕಡೆಗೆ ಒಯ್ದಳು. ನಮ್ಮ ಬೀದಿಯ ನಾಯಿ ಅದನ್ನು ಮೂಸಿ ಹಿಂದೆ ಸರಿಯಿತು. ಆ ನಾಯಿಗೆ ನಾನು ಕೊಟ್ಟ ಮರ್ಯಾದೆ ಅವತ್ತಿಗೆ ಮುಗಿಯಿತು, ಕಡ್ಡಿ ತೆಗೆದುಕೊಂಡು ಓಡಿಸಿದೆ. ನಾಲ್ಕನೆಯ ದಿನಕ್ಕೆ ಬಸ್ಸಾರು ಉಣ್ಣುವ ಹಾಗಾಯಿತು.

ಕೊನೆಯ ದಿನ ಸಮುದಾಯ ಭವನದಲ್ಲಿ ಎಲ್ಲರೂ ತಮ್ಮ ತಮ್ಮ ಪ್ರಾಜೆಕ್ಟು ಓದಿದರು. ಊರವರಿಗೂ ಕರೆಯಿತ್ತು. ಜವರೇಗೌಡ ಮುಂದಿನ ಸಾಲಿನಲ್ಲಿ ಕೂತು ತನ್ನ ಗದ್ದೆಯ ಕಪ್ಪೆಯ ಉದ್ದ ಕೇಳಿ ಚಪ್ಪಾಳೆ ತಟ್ಟಿದ. ಚೈತ್ರ ಎದ್ದು, ಲೆಕ್ಕಾಚಾರ ಮಾಡಿ ಕಟ್ಟಿದ ಹನ್ನೆರಡು ಪೆಟ್ಟಿಗೆಗಳಿಗೆ ಒಂದು ಹಕ್ಕಿಯೂ ಬರಲಿಲ್ಲ, ಸರೋಜಮ್ಮನವರು ಗೋಣಿ ತುರುಕಿದ ತೂತಿನಿಂದ ನಾಲ್ಕು ಮರಿ ಹಾರಿದವು ಎಂದು ಓದಿದಳು. ಸರೋಜಳ ಹೆಸರನ್ನು ಮೈಕಿನಲ್ಲಿ ಕೇಳಿದ್ದು ಅದೇ ಮೊದಲು.

ಪಾಠ ಮಾಡುವ ಮೇಡಂ ನನ್ನ ಬಳಿ ಬಂದರು. “ಈ ಹಕ್ಕಿಗಳು ಮುಂದಿನ ವರ್ಷವೂ ಅದೇ ಜಾಗಕ್ಕೆ ಬರಬಹುದು. ದಯವಿಟ್ಟು ಆ ತೂತು ಮುಚ್ಚಬೇಡಿ, ಏನನ್ನೂ ಕೂರಿಸಬೇಡಿ,” ಎಂದರು. ಬರೆದು ಕೊಡಿ ಎಂದೆ. ಅವರಿಗೆ ಆಶ್ಚರ್ಯವಾಯಿತು, ಆದರೂ ಬರೆದು ಸಹಿ ಹಾಕಿ ಸೀಲು ಒತ್ತಿ ಕೊಟ್ಟರು. ಫ್ಯಾನು ಯಾಕೆ ಕೂರಿಸಲಿಲ್ಲವೆಂದು ಹೇಳಲು ಐದು ವರ್ಷ ಒಂದು ಗಟ್ಟಿ ಕಾರಣ ಹುಡುಕಿ ಸೋತವನು ನಾನು. ಆ ಕಾಗದವನ್ನು ಕ್ಯಾಲೆಂಡರಿನ ಕೆಳಗೆ, ಹೋದ ಕಾರ್ತೀಕದಿಂದ ತಿರುವಿಹಾಕದ ಹಾಳೆಯಲ್ಲಿ ಅವಳು ಪೆನ್ಸಿಲ್ಲಿನಿಂದ ಬರೆದ ‘ಫ್ಯಾನು’ ಎಂಬುದಕ್ಕೆ ಉತ್ತರವಾಗಿ ಅಂಟಿಸಿದ್ದೇನೆ. ಸರೋಜ ನೋಡಿದ್ದರೆ “ನಿಮ್ಗೆ ಬೇಕಾಗಿದ್ದೂ ಇದೇ ತಾನೆ,” ಎನ್ನುತ್ತಿದ್ದಳು.

ಈಗ ಅಡುಗೆ ಅಲ್ಲೇ ಮಾಡುತ್ತೇನೆ. ಒಗ್ಗರಣೆ ಹಾಕಿದರೆ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಮನೆಯೆಲ್ಲ ತುಂಬುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಒಮ್ಮೊಮ್ಮೆ ಒಗ್ಗರಣೆ ಹಾಕದ ದಿನವೂ ಸುರಿಯುತ್ತದೆ. ಜವರೇಗೌಡ ಬಂದು, “ಯಾಕ್ಲಾ?” ಎಂದರೆ ಗೋಡೆಯ ಮೇಲಿನ ಆ ಕಾಗದದ ಕಡೆ ಕೈ ತೋರಿಸುತ್ತೇನೆ. ಹೊಗೆ ಅಂತ ಬಾಯಲ್ಲಿ ಹೇಳುವ ಅಗತ್ಯವೂ ಇಲ್ಲ. ಯೂನಿವರ್ಸಿಟಿಯ ಸೀಲು ಇದೆ.