ನಾನೂರ ಹನ್ನೆರಡು ಬಾರಿ ಸತ್ತ ಪದ್ಮನಾಭ ಅವರ ಪದವಿಯ ಬಗ್ಗೆ

ಇಂದ,
ಪಾವನಾ ಕೆ.,
ಟ್ರೈನಿ, ನಾಲ್ಕನೇ ವರ್ಷ,
ತ್ರಿಪ್ಲಿಕೇನ್, ಚೆನ್ನೈ.

ಗೆ,
ಶ್ರೀ ರಘುರಾಮ ಅವರು,
ಸಿಬ್ಬಂದಿ ವಿಭಾಗದ ಮುಖ್ಯಸ್ಥರು,
ಶ್ವೇತಸೇತು ಸಾಫ್ಟ್‌ವೇರ್ ಕಂಪನಿ, ಪೆರುಂಗುಡಿ.

ದಿನಾಂಕ: 5 ಏಪ್ರಿಲ್ 2004

ವಿಷಯ: ಬದುಕಿರುವ ಟ್ರೈನಿಗೆ ಕೆಲಸದ ದೃಢೀಕರಣ ಪತ್ರ ನೀಡುವ, ತಪ್ಪಿದಲ್ಲಿ ಮೃತ ಟೀಮ್ ಲೀಡರ್ ಅವರ ಪದವಿಯನ್ನು ನಾಮಿನಿಗೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: 1. ಇದೇ ವಿಷಯವಾಗಿ ಇಂಗ್ಲಿಷಿನಲ್ಲಿ ಸಲ್ಲಿಸಿದ ಮೂರು ಅರ್ಜಿಗಳು. ಉತ್ತರ ಬಂದಿಲ್ಲ.
2. ತಾವು ಲಿಫ್ಟಿನಲ್ಲಿ ಮನೆಯವರೊಂದಿಗೆ ಫೋನಿನಲ್ಲಿ ಆಡಿದ ಕನ್ನಡ ಮಾತು. ಅದರ ಆಧಾರದ ಮೇಲೆ ಈ ನಾಲ್ಕನೆಯದು ಕನ್ನಡದಲ್ಲಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

1. ಸದರಿ ಅರ್ಜಿದಾರಳು ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಮುಗಿಸಿ, 2000ನೇ ಇಸವಿಯ ಜುಲೈನಲ್ಲಿ ತಮ್ಮ ಕಂಪನಿಯ ‘ದುಡಿಯುತ್ತ ಕಲಿ’ ಯೋಜನೆಗೆ ಸೇರಿದಳು. ವಾರದಲ್ಲಿ ಐದು ದಿನ ಪೆರುಂಗುಡಿಯಲ್ಲಿ ಕೆಲಸ, ಶನಿವಾರ ಭಾನುವಾರ ಅದೇ ಕಟ್ಟಡದ ಕ್ಯಾಂಟೀನಿನಲ್ಲಿ ವಿಶ್ವವಿದ್ಯಾಲಯದವರ ಪಾಠ, ನಾಲ್ಕು ವರ್ಷ ಮುಗಿದರೆ ಎಂ.ಎಸ್. ಪದವಿ. ಯೋಜನೆಯ ಪುಸ್ತಿಕೆಯ ಮೇಲೆ ನಗುವ ಹುಡುಗಿಯೊಬ್ಬಳ ಒಂದು ಕೈಯಲ್ಲಿ ಕಂಪ್ಯೂಟರು, ಇನ್ನೊಂದು ಕೈಯಲ್ಲಿ ಪುಸ್ತಕ ಇದ್ದವು. ಊಟ ಮಾಡುವುದು ಯಾವ ಕೈಯಲ್ಲಿ ಎಂದು ಅರ್ಜಿದಾರಳು ಆಗಲೇ ಕೇಳಬೇಕಿತ್ತು.

2. ಸೇರಿದ ಮೇಲೆ ತಿಳಿದುಬಂದಂತೆ, ಶನಿವಾರ ಪಾಠಕ್ಕೆ ತಡವಾದರೆ ಪ್ರೊಫೆಸರು “ನೀವು ಕಂಪನಿಯವರು, ನಿಮಗೆಲ್ಲಿ ಓದು” ಎನ್ನುತ್ತಿದ್ದರು. ಸೋಮವಾರ ಪರೀಕ್ಷೆಗೆಂದು ರಜೆ ಕೇಳಿದರೆ ಟೀಮ್ ಲೀಡರ್ ಪದ್ಮನಾಭ ಅವರು “ಸ್ಟೂಡೆಂಟುಕ್ಕು ಎನ್ನಮ್ಮಾ ಲೀವು?” ಎನ್ನುತ್ತಿದ್ದರು. ಕಾರಣ, ರಜೆಯ ವಿಷಯದಲ್ಲಿ ಆಕೆ ವಿದ್ಯಾರ್ಥಿನಿ, ಹಾಜರಿಯ ವಿಷಯದಲ್ಲಿ ನೌಕರಳು, ಎರಡೂ ಕಡೆ ಬೈಗುಳ ತಿನ್ನುವ ವಿಷಯದಲ್ಲಿ ಮಾತ್ರ ಕಾಯಂ.

3. ಕಂಪನಿಯ ಪ್ರತಿ ಲಾಗಿನ್ನಿಗೂ ವಿದೇಶಿ ಗ್ರಾಹಕರ ಒಪ್ಪಿಗೆ ಬೇಕಾದ್ದರಿಂದ ಟ್ರೈನಿಗಳಿಗೆ ಲಾಗಿನ್ ಕೊಡುವ ಪದ್ಧತಿ ಇರಲಿಲ್ಲ. ಆದ ಕಾರಣ ಪದ್ಮನಾಭ ಅವರು ತಮ್ಮ ಹೆಸರು, ತಮ್ಮ ಪಾಸ್‌ವರ್ಡು ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು, “ಅದೆಲ್ಲಾಂ ಫಾರ್ಮಾಲಿಟಿ ದಾನ್ ಮಾ, ಅಡ್ಜಸ್ಟ್ ಪಣ್ಣಿಕೋ” ಎಂದರು. ಅರ್ಜಿದಾರಳು ಅಡ್ಜಸ್ಟ್ ಮಾಡಿಕೊಂಡಳು. ಆಕೆ ಬರೆದ ಪ್ರತಿ ಸಾಲೂ ಕಂಪ್ಯೂಟರಿನ ದಾಖಲೆಯಲ್ಲಿ ಅವರ ಹೆಸರಿಗೇ ಬಿತ್ತು.

4. ಆ ಕೆಲಸ ವಿಮಾ ಕಂಪನಿಯೊಂದರ ಮರಣ ಪರಿಹಾರದ ಪ್ರೋಗ್ರಾಮು. ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಯಾರನ್ನಾದರೂ ದಿನವೂ ಕಂಪ್ಯೂಟರಿನಲ್ಲಿ ಸಾಯಿಸಬೇಕು. ಪಾಲಿಸಿದಾರರ ಖಾನೆಯಲ್ಲಿ ಲಾಗಿನ್ ಆದವರ ಹೆಸರೇ ತಾನಾಗಿ ಬರುತ್ತಿತ್ತು. ಅದನ್ನು ಬದಲಿಸಬಹುದಿತ್ತು, ಅರ್ಜಿದಾರಳು ಬದಲಿಸಲಿಲ್ಲ. ಇದನ್ನು ಆಕೆ ಮುಚ್ಚಿಡುವುದಿಲ್ಲ. ನಾಮಿನಿಯ ಖಾನೆಯಲ್ಲಿ ಮಾತ್ರ ತನ್ನ ತಾಯಿ ಶಿವಲಿಂಗಮ್ಮನವರ ಹೆಸರನ್ನು ತುಂಬುತ್ತಿದ್ದಳು. ಬೇರೆ ಯಾವ ಹೆಸರೂ ಅಷ್ಟು ಬೇಗ ಕೈಗೆ ಬರುತ್ತಿರಲಿಲ್ಲ.

5. ಹೀಗೆ ಎರಡು ವರ್ಷದಲ್ಲಿ ಪದ್ಮನಾಭ ಅವರು 412 ಬಾರಿ ನಿಧನರಾದರು. ಸಾವಿನ ಕಾರಣವನ್ನು ಪಟ್ಟಿಯಿಂದ ಆರಿಸಬೇಕಿತ್ತು. ಮಾಮೂಲಿ ದಿನಗಳಲ್ಲಿ ಹೃದಯಾಘಾತ. ಎಲ್ಲರೆದುರು ಬೈದ ದಿನ ಹಾವು ಕಡಿತ. ಅರ್ಜಿದಾರಳು ಬರೆದ ಪ್ರೋಗ್ರಾಮಿಗಾಗಿ ಅವರಿಗೆ ವರ್ಷದ ಉತ್ತಮ ಕೆಲಸಗಾರ ಫಲಕ ಸಿಕ್ಕ ದಿನ ಆಕೆಯೂ ಚಪ್ಪಾಳೆ ತಟ್ಟಿ, ಸೀಟಿಗೆ ಬಂದು, ಅವರಿಗೆ ಸಿಡಿಲು ಬಡಿಸಿದಳು. ಅಂದು ಆಕೆಗೆ ಬಾತ್‌ರೂಮಿನಲ್ಲಿ ಅಳು ಬಂದದ್ದೂ ನಿಜ.

6. ಈಗ ವಿಶ್ವವಿದ್ಯಾಲಯದವರು, ನಾಲ್ಕು ವರ್ಷ ಸ್ವಂತವಾಗಿ ಮಾಡಿದ ಕೆಲಸಕ್ಕೆ ಕಂಪನಿಯ ದೃಢೀಕರಣ ಪತ್ರವನ್ನು ಏಪ್ರಿಲ್ 15ರೊಳಗೆ ಕೊಡದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ, ಪದವಿಯೂ ಇಲ್ಲ ಎಂದಿದ್ದಾರೆ. ಅದನ್ನು ಕೇಳಲು ಬಂದಾಗ ತಾವು ದಾಖಲೆಯ ಪ್ರಿಂಟ್ ತೆಗೆಸಿದಿರಿ. ಪಾವನಾ ಕೆ.: ಸೊನ್ನೆ. ಪಕ್ಕದಲ್ಲೇ ಕುಳಿತಿದ್ದ ಪದ್ಮನಾಭ ಅವರು, “ಪಾವಂ, ಚಿನ್ನ ಪೊಣ್ಣು. ಕೊಂಜಂ ಹೆಲ್ಪ್ ಪಣ್ಣಿಚು ಸಾರ್” ಎಂದರು. ಪಾಪ, ಚಿಕ್ಕ ಹುಡುಗಿ, ಸ್ವಲ್ಪ ಸಹಾಯ ಮಾಡಿದ್ದಾಳೆ ಎಂದು ಅದರ ತಾತ್ಪರ್ಯ. ತಾವು ಕನ್ನಡಕ ಒರೆಸಿಕೊಂಡು, ಲಿಫ್ಟಿನಲ್ಲಿ ಆಡಿದ ಅದೇ ಕನ್ನಡದಲ್ಲಿ, “ಅದು ಸಿಸ್ಟಮ್ಮಿನಲ್ಲಿ ಇಲ್ಲ ಮಾರಾಯ್ತಿ. ಸಿಸ್ಟಮ್ಮಿನಲ್ಲಿ ಇಲ್ಲದ್ದು ನಾನು ಹೇಗೆ ಬರೆದುಕೊಡುವುದು?” ಎಂದು ಕೈತೊಳೆದುಕೊಂಡಿರಿ.

7. ಶಿವಲಿಂಗಮ್ಮನವರ ಬಗ್ಗೆ ಒಂದು ಮಾತು. ಮಗಳಿಗೆ ಅಡುಗೆ ಮಾಡಿ ಹಾಕಲು ಅವರು ಊರಿನ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಬಂದು, ತ್ರಿಪ್ಲಿಕೇನಿನ ಒಂದೇ ಕೋಣೆಯಲ್ಲಿ ನಾಲ್ಕು ವರ್ಷವಾಯಿತು. ನೀರಿನ ಲಾರಿ ಬಂದಾಗ ಬಿಂದಿಗೆ ಹಿಡಿದು ನಿಲ್ಲುವ ಸಾಲಿನಲ್ಲೆಲ್ಲ ಮಗಳ ಓದಿನ ಸುದ್ದಿಯನ್ನೇ ಹಂಚಿದವರು. ವಿಷಯ ತಿಳಿದಾಗ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅವರು ಸೌಟನ್ನು ಕೆಳಗಿಟ್ಟು ಕೇಳಿದ್ದು ಇಷ್ಟೇ: “ಅಲ್ಲ ಕಣವ್ವ, ಮಾಡ್ದವ್ಳು ನೀನು. ಅವನ್ ಹೆಸ್ರು ಯಾಕ್ ಬಂತು?” ಅರ್ಜಿದಾರಳು ಲಾಗಿನ್ ಎಂದರೇನೆಂದು ವಿವರಿಸಿದಳು. “ಅಂಗಾರೆ ನಿನ್ ಲಾಗಿನ್ ಎಲ್ಲವ್ವ?” ಎಂದರು. ನಾಲ್ಕನೇ ಕ್ಲಾಸು ಓದಿದ ಅವರ ಈ ಪ್ರಶ್ನೆಯನ್ನು ತಮ್ಮ ಕಂಪನಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

8. ಮಾನ್ಯರು ದಾಖಲೆಯನ್ನೇ ನಂಬುವವರಾದ್ದರಿಂದ ಅರ್ಜಿದಾರಳೂ ದಾಖಲೆಯನ್ನೇ ಹಿಡಿದಿದ್ದಾಳೆ. ಆ ಕೆಲಸವೆಲ್ಲ ಪದ್ಮನಾಭ ಅವರದೇ ಆದರೆ, ಅವರು ಎರಡು ವರ್ಷ ದಿನವೂ ಊಟ ಮುಗಿಸಿ ಬಂದು ತಮ್ಮನ್ನು ತಾವೇ ಸಾಯಿಸಿಕೊಂಡಿದ್ದಾರೆ. ನಾಮಿನಿಯಾಗಿ ‘ಶಿವಲಿಂಗಮ್ಮ, ಸಂಬಂಧ: ತಾಯಿ’ ಎಂದು 412 ಬಾರಿ ಬರೆದಿದ್ದಾರೆ. ಅವರ ಹೆತ್ತ ತಾಯಿಯ ಹೆಸರು ಚಂದ್ರಮತಿ ಎಂದು ತಮ್ಮದೇ ವಿಭಾಗದ ಕಡತದಲ್ಲಿದೆ. ಮಗ ಹೆತ್ತವಳನ್ನು 412 ಬಾರಿ ಮರೆಯುವುದುಂಟೆ?

ಆದ್ದರಿಂದ, ಅದು ಅರ್ಜಿದಾರಳ ಕೆಲಸವೆಂದು ಒಪ್ಪಿ ಏಪ್ರಿಲ್ 15ರೊಳಗೆ ದೃಢೀಕರಣ ಪತ್ರ ನೀಡಬೇಕಾಗಿ ವಿನಂತಿ.

ಒಪ್ಪಲಾಗದಿದ್ದಲ್ಲಿ, ತಮ್ಮ ಕಂಪನಿಯೇ ರುಜು ಹಾಕಿ ಗ್ರಾಹಕರಿಗೆ ಕಳುಹಿಸಿದ ಸದರಿ ಪ್ರೋಗ್ರಾಮಿನ ನಿಯಮ ಹೀಗಿದೆ: ಪಾಲಿಸಿದಾರರ ಮರಣ ದಾಖಲಾದ ಮೇಲೆ ಅವರಿಗೆ ಸಲ್ಲಬೇಕಾದದ್ದೆಲ್ಲ ನಾಮಿನಿಗೆ ಸಲ್ಲತಕ್ಕದ್ದು. ಪದ್ಮನಾಭ ಅವರ ಮರಣ ಸಿಸ್ಟಮ್ಮಿನಲ್ಲಿ ಇದೆ. ಸಿಸ್ಟಮ್ಮಿನಲ್ಲಿ ಇರುವುದು ಇದೆ. ಆದ ಕಾರಣ ಅವರ ಕೆಲಸಕ್ಕೆ ಸಲ್ಲುವ ಎಂ.ಎಸ್. ಪದವಿಯನ್ನು ಶಿವಲಿಂಗಮ್ಮನವರಿಗೆ ಕೊಡಿಸಬೇಕೆಂದು ಕೋರಿಕೆ. ನೀರಿನ ಲಾರಿ ಬಾರದ ದಿನ ಗೊತ್ತುಮಾಡಿದರೆ ಅವರು ಖುದ್ದಾಗಿ ಬಂದು ಪಡೆಯುವರು.

ತಮ್ಮ ದಾಖಲೆಯಲ್ಲಿ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಪಾವನಾ ಕೆ.

ಲಗತ್ತುಗಳು:
1. ಪದ್ಮನಾಭ ಅವರ 412 ಮರಣಗಳ ಪಟ್ಟಿ, ಕಾರಣ ಸಹಿತ.
2. ಪಾಸ್‌ವರ್ಡ್ ಬರೆದುಕೊಟ್ಟ ಚೀಟಿ, ಅವರದೇ ಕೈಬರಹ.
3. ಶಿವಲಿಂಗಮ್ಮನವರ ರೇಷನ್ ಕಾರ್ಡಿನ ನಕಲು.

ವಿ.ಸೂ.: ಪದವಿ ಪತ್ರದಲ್ಲಿ ಶಿವಲಿಂಗಮ್ಮ ಎಂಬ ಹೆಸರನ್ನು ತಪ್ಪಿಲ್ಲದೆ ಬರೆಸಬೇಕಾಗಿ ಕೋರಿದೆ. ಅರ್ಜಿದಾರಳ ಹೆಸರನ್ನು ಎಲ್ಲಿಯೂ ಬರೆಯಬೇಕಾಗಿಲ್ಲ. ನಾಲ್ಕು ವರ್ಷದಿಂದ ಅದೇ ರೂಢಿ.