ರೈಟರ್ ಜನಾರ್ದನ ಸ್ಪಂಜು ತೊಳೆದದ್ದು

ಕಾಫಿ ಕುಯ್ಲಿನ ಕಾಲದಲ್ಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರು ರಜೆ ಕೇಳುವುದೂ ಒಂದೇ, ಮದುವೆಮನೆಯ ನೂಕುನುಗ್ಗಲಲ್ಲಿ ಕುಡಿಯುವ ನೀರು ಕೇಳುವುದೂ ಒಂದೇ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೂ ಜನಾರ್ದನ ಕೇಳಿದ್ದ. ಭಾನುವಾರ ಕಳಸದಲ್ಲಿ ಅವನ ಭಾವಮೈದುನನ ಗೃಹಪ್ರವೇಶ. ಹೋಗದಿದ್ದರೆ ಹೆಂಡತಿ ಭಾಗೀರಥಿ ಮುಂದಿನ ಗೃಹಪ್ರವೇಶದವರೆಗೆ ಮಾತು ಬಿಡುತ್ತಾಳೆ. ಆ ಮನೆತನದಲ್ಲಿ ಇನ್ನು ಯಾರೂ ಮನೆ ಕಟ್ಟುವ ಲಕ್ಷಣ ಇರಲಿಲ್ಲ.

ಶನಿವಾರ ಬೆಳಗ್ಗೆ ಎಸ್ಟೇಟಿನ ಯಜಮಾನರು ಶಶಿಧರ ಗೌಡರು, ರೇಷ್ಮೆ ಶರ್ಟು ತೊಟ್ಟು ಮನೆಮಂದಿಯೊಡನೆ ಚಿಕ್ಕಮಗಳೂರಿನ ಮದುವೆಗೆ ಜೀಪು ಹತ್ತುತ್ತಾ ಹೇಳಿದರು.

"ನಾಳೆ ಹೋಗಿ ಬನ್ನಿ ರೈಟ್ರೇ, ನಾನೇನು ಬೇಡ ಅನ್ನಲ್ಲ. ಆದ್ರೆ ಇವತ್ತು ಆ ಮೀನಿನ ತೊಟ್ಟಿ ಫಿಲ್ಟರ್ ಒಂಚೂರು ತೊಳೆದಿಡಿ. ನೀರು ಬರೋದೇ ಕಮ್ಮಿಯಾಗಿದೆ. ಸಂಜೆ ನಾವು ಬರೋ ಹೊತ್ತಿಗೆ ಫಿಲ್ಟರೂ ಕ್ಲೀನಾಗಿರ್ಬೇಕು, ಮೀನೂ ಚೆನ್ನಾಗಿರ್ಬೇಕು."

ಮೀನು ಅಂದರೆ ಲಡ್ಡು. ಗೌಡರ ಮಗಳು ಧನ್ಯಾ ಮೂರು ವರ್ಷದಿಂದ ಸಾಕಿದ ಗೋಲ್ಡ್ ಫಿಶ್. ಬಂಗಲೆಯ ಹಾಲಿನಲ್ಲಿ ಗಾಜಿನ ತೊಟ್ಟಿಯೊಳಗೆ, ಬಿಟ್ಟಿ ಊಟಕ್ಕೆ ಬಂದ ನೆಂಟನ ಹಾಗೆ ಹೊಟ್ಟೆ ಬಿಟ್ಟುಕೊಂಡು ಓಡಾಡುತ್ತಿತ್ತು. ಧನ್ಯಾ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ಅಂಕಲ್, ತೊಟ್ಟಿ ನೀರನ್ನೇ ಒಂದು ಬಕೆಟಿಗೆ ತಗೊಂಡು, ಅದ್ರಲ್ಲೇ ಸ್ಪಂಜ್ ಎರಡು ಸಲ ಹಿಂಡಿ. ಅಷ್ಟೇ. ಜಾಸ್ತಿ ತೊಳೀಬೇಡಿ."

ಜನಾರ್ದನ ತಲೆಯಾಡಿಸಿದ. ಹಾಗೇ ಮಾಡಿದ್ದರೆ ಅವನು ಹತ್ತು ಗಂಟೆಗೆಲ್ಲ ಕೈ ಒರೆಸಿಕೊಂಡು ಕೂರಬಹುದಿತ್ತು.

ಕರೆಂಟು ತೆಗೆದು ಫಿಲ್ಟರ್ ಬಿಚ್ಚಿದಾಗ ಕರ್ರಗಿನ ಸ್ಪಂಜು ಹೊರಬಂತು. ಅಡುಗೆಯ ಸಾವಿತ್ರಮ್ಮ ಮೂಗಿಗೆ ಸೆರಗು ಹಿಡಿದರು. "ಒಳ್ಳೆ ಗೊಬ್ಬರದ ಗುಂಡಿ ಆಯ್ತಲ್ಲ ರೈಟ್ರೇ. ಇದನ್ನ ಅದೇ ಗಲೀಜು ನೀರಲ್ಲಿ ಹಿಂಡಿದ್ರೆ ಏನು ಬಂತು? ಕೆಸರಲ್ಲಿ ಕಾಲು ತೊಳೆದ ಹಾಗೆ."

ಅಷ್ಟರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಮೇಸ್ತ್ರಿ ಸುಬ್ಬಣ್ಣ ಬಂದ. ಸ್ಪಂಜನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. ಮೂವತ್ತು ವರ್ಷದಿಂದ ಅವನು ಕಾಫಿ ಬೀಜವನ್ನು ಹೀಗೇ ಉಜ್ಜಿ ನೋಡುತ್ತಿದ್ದಾನೆ. ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜಕ್ಕೆ ಅಂಟಿದ ಲೋಳೆ ಪೂರ್ತಿ ಹೋಗುವವರೆಗೆ ತೊಳೆಯಬೇಕು, ಬೆರಳಿಗೆ ಚರಚರ ಅನ್ನಬೇಕು. ಆಗಲೇ ಅದು ಕಣದಲ್ಲಿ ಒಣಗಿಸಲು ಯೋಗ್ಯವಾದ ಬೀಜ, ಎಸ್ಟೇಟಿನವರ ಮಾತಲ್ಲಿ ಒಳ್ಳೆಯ ಪಾರ್ಚ್‌ಮೆಂಟ್.

"ಲೋಳೆ," ಎಂದು ತೀರ್ಪು ಕೊಟ್ಟ ಸುಬ್ಬಣ್ಣ. "ಲೋಳೆ ಉಳಿಸಿದ್ರೆ ಎಸ್ಟೇಟಿನ ಮರ್ಯಾದಿ ಹೋಗುತ್ತೆ. ಕೊಡಿ ಇಲ್ಲಿ."

"ಎರಡೇ ಸಲ ಹಿಂಡಿ ಅಂದಿದಾಳೆ ಹುಡುಗಿ," ಎಂದ ಜನಾರ್ದನ.

"ಮಕ್ಕಳ ಮಾತು ಕಟ್ಕೊಂಡು ಕೆಲಸ ಮಾಡ್ತೀರಾ ಮಾರಾಯ್ರೇ? ಸಂಜೆ ಗೌಡ್ರು ಬಂದು ನೋಡೋದು."

ಜನಾರ್ದನ ರಜೆಯನ್ನು ನೆನೆದು ಸ್ಪಂಜು ಕೊಟ್ಟುಬಿಟ್ಟ. ಕಾಫಿ ತೊಳೆಯುವ ತೊಟ್ಟಿಯಲ್ಲಿ ಅದಕ್ಕೆ ನಾಲ್ಕು ನೀರಾಯಿತು. ಸುಬ್ಬಣ್ಣ ಕಾಲಲ್ಲಿ ತುಳಿದ. ಸಾವಿತ್ರಮ್ಮ ಒಂದು ಹಿಡಿ ಬಟ್ಟೆ ಒಗೆಯುವ ಸೋಡಾ ಪುಡಿ ಹಾಕಿದರು. ತೊಳೆದದ್ದನ್ನು ಒಣಗಿಸದೆ ಬಿಡುವುದುಂಟೇ? ಕಣದಲ್ಲಿ ಪಾರ್ಚ್‌ಮೆಂಟಿನ ಪಕ್ಕ ಬಿಸಿಲಿಗೆ ಹಾಕಿ, ಅರ್ಧ ಗಂಟೆಗೊಮ್ಮೆ ಮಗುಚಿದ್ದೂ ಆಯಿತು. ಸ್ಪಂಜಿನ ಅಸಲು ಬಣ್ಣ ನೀಲಿ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಮಧ್ಯಾಹ್ನ ಒಂದು ಗಂಟೆಗೆ ಅದನ್ನು ಜೋಡಿಸಿ ಸ್ವಿಚ್ಚು ಹಾಕಿದರು. ನೀರು ಜೋರಾಗಿ ಬಂತು. ನೀರಿನ ಜೊತೆ ನೊರೆಯೂ ಬಂತು. ಬೆಳಗ್ಗೆಯಿಂದ ನಿಂತ ನೀರಲ್ಲಿ ಕಳೆದಿದ್ದ ಲಡ್ಡು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಒಂದು ಮಗ್ಗುಲಾಗಿ ವಾಲಿತು.

"ದೃಷ್ಟಿಯಾಗಿದೆ," ಎಂದು ಸಾವಿತ್ರಮ್ಮ ಉಪ್ಪು ಮೆಣಸಿನಕಾಯಿ ತಂದು ತೊಟ್ಟಿಗೆ ನಿವಾಳಿಸಿದರು. "ಉಸಿರು ಕಟ್ಟಿದೆ," ಎಂದು ಸುಬ್ಬಣ್ಣ ಮೊರ ತಂದು ಗಾಳಿ ಬೀಸತೊಡಗಿದ. ಲಡ್ಡು ಎರಡಕ್ಕೂ ಜಗ್ಗಲಿಲ್ಲ.

ನಾಲ್ಕು ಮೈಲಿ ಆಚೆ ಗೋಣಿಬೀಡಿನಲ್ಲಿ ಗಿರಿ ಎಂಬವನ ಮೊಬೈಲ್ ಅಂಗಡಿ. ಅಂಗಡಿಯಲ್ಲೂ ಮೀನಿನ ತೊಟ್ಟಿಯಿದೆ. ಜನಾರ್ದನ ಅವನಿಗೆ ಫೋನು ಹಚ್ಚಿ ನಡೆದದ್ದೆಲ್ಲ ಹೇಳಿದ.

"ಸೋಡಾ ಹಾಕಿದ್ರಾ? ಒಣಗಿಸಿದ್ರಾ?" ಗಿರಿ ಫೋನಿನಲ್ಲೇ ಕೂಗಿಕೊಂಡ. "ಮಾರಾಯ್ರೇ, ಆ ಲೋಳೆಯಲ್ಲೇ ಒಳ್ಳೆ ಬ್ಯಾಕ್ಟೀರಿಯಾ ಇರೋದು. ಮೀನಿನ ಹೊಲಸು ತಿಂದು ನೀರು ಸರಿ ಇಡೋದೇ ಅವು. ನೀವು ಅವನ್ನೆಲ್ಲ ಒಂದೇ ದಿನದಲ್ಲಿ ಒಕ್ಕಲೆಬ್ಬಿಸಿದ್ದೀರಿ. ಮೊದಲು ಆ ಸ್ಪಂಜು ತೆಗೀರಿ. ಮುಕ್ಕಾಲು ನೀರು ತೆಗೆದು ಬಾವಿ ನೀರು ಹಾಕ್ಸಿ. ನನ್ನ ಫಿಲ್ಟರಲ್ಲಿ ಅಂಥದ್ದೇ ಎರಡು ಸ್ಪಂಜಿದೆ, ಒಂದು ಬಂದು ತಗೊಂಡೋಗಿ. ಎಂಟು ತಿಂಗಳಿಂದ ಮುಟ್ಟಿಲ್ಲ."

ನೀರಿನ ಕೆಲಸ ಸುಬ್ಬಣ್ಣನಿಗೆ ಒಪ್ಪಿಸಿ ಜನಾರ್ದನ ಬೈಕು ಹತ್ತಿದ. ಬರುವಾಗ ನೀರು ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಗಿರಿಯ ಸ್ಪಂಜು ಇಟ್ಟುಕೊಂಡು, ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ಗುಂಡಿ ತಪ್ಪಿಸುತ್ತಾ ಬಂದ. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಶಿವಯ್ಯ ತಡೆದ.

"ಏನು ರೈಟ್ರೇ, ಮೀನಾ?"

"ಅಲ್ಲ, ಕೊಳೆ."

"ಎಸ್ಟೇಟಲ್ಲಿ ಸಿಗಲ್ವಾ?"

"ಬೆಳಗ್ಗೆವರೆಗೆ ಇತ್ತು," ಎಂದು ಜನಾರ್ದನ ಗೇರು ಹಾಕಿದ.

"ಹಿಂಡ್ಬೇಡಿ, ತೊಳೀಬೇಡಿ, ಹಾಗೇ ಕೂರಿಸಿ" ಎಂದಿದ್ದ ಗಿರಿ. ಹಾಗೇ ಕೂರಿಸಿದ. ಮೂರೂವರೆಗೆ ಲಡ್ಡು ನೆಟ್ಟಗಾಯಿತು. ಐದಕ್ಕೆ ಗಾಜಿಗೆ ಮೂತಿ ಒತ್ತಿ ತಿಂಡಿ ಕೇಳಿತು. ಜನಾರ್ದನನಿಗೆ ಕಣ್ಣು ತುಂಬಿ ಬಂತು. ಸಾವಿತ್ರಮ್ಮ ಮೆಣಸಿನಕಾಯಿಯ ಮಹಿಮೆ ಎಂದರು, ಸುಬ್ಬಣ್ಣ ಮೊರದ ಮಹಿಮೆ ಎಂದ. ಜನಾರ್ದನ ಯಾರ ಜೊತೆಗೂ ವಾದಕ್ಕೆ ಹೋಗದೆ, ನಾಳೆ ಹೊರಡಲು ಬಟ್ಟೆ ಜೋಡಿಸು ಎಂದು ಭಾಗೀರಥಿಗೆ ಮೆಸೇಜು ಹಾಕಿದ.

ಐದೂವರೆಗೆ ಜೀಪು ಬಂತು. ಗೌಡರು ತೊಟ್ಟಿಗೆ ಬಗ್ಗಿ ನೋಡಿ ಖುಷಿಯಾದರು. "ಭಾರಿ ಚುರುಕಾಗಿದೆಯಲ್ಲ ರೈಟ್ರೇ. ನಾಳೆ ಆರಾಮಾಗಿ ಹೋಗಿ ಬನ್ನಿ."

ಅಷ್ಟರಲ್ಲಿ ಧನ್ಯಾ ಫಿಲ್ಟರಿನ ಮುಚ್ಚಳ ತೆಗೆದು ಸ್ಪಂಜು ಎತ್ತಿದಳು. "ಅಪ್ಪ, ಅಂಕಲ್ ಇದನ್ನ ಮುಟ್ಟೇ ಇಲ್ಲ."

ಗೌಡರು ಕೈಗೆ ತೆಗೆದುಕೊಂಡು ಅಮುಕಿದರು. ಎಂಟು ತಿಂಗಳ ಲೋಳೆ ಮಣಿಕಟ್ಟಿನಿಂದ ಇಳಿದು ರೇಷ್ಮೆ ಶರ್ಟಿನ ತೋಳು ಸೇರಿತು.

"ರೈಟ್ರೇ, ಬೆಳಗ್ಗೆಯಿಂದ ಒಂದು ಸ್ಪಂಜು ತೊಳೆಯಕ್ಕಾಗ್ಲಿಲ್ವಾ ನಿಮ್ಗೆ?"

ಮೂಡಿಗೆರೆ ತಾಲ್ಲೂಕಿನಲ್ಲೇ ಯಾರೂ ತೊಳೆಯದಷ್ಟು ಸ್ಪಂಜು ತೊಳೆದಿದ್ದ ಜನಾರ್ದನ ಬಾಯಿ ತೆರೆದ. ತೊಳೆದೆ ಎಂದರೆ ಸೋಡಾ ಹೇಳಬೇಕು, ಕಣ ಹೇಳಬೇಕು, ಲಡ್ಡು ಮಗ್ಗುಲಾದದ್ದು ಹೇಳಬೇಕು. ಹುಡುಗಿ ಎದುರಿಗೇ ನಿಂತಿದ್ದಾಳೆ. ಅಡುಗೆಮನೆ ಬಾಗಿಲಲ್ಲಿ ಸುಬ್ಬಣ್ಣ ಎರಡೂ ಕೈ ಜೋಡಿಸಿದ್ದ. ಸಾವಿತ್ರಮ್ಮ ಜಂತಿ ಎಣಿಸುತ್ತಿದ್ದರು.

"ಇಲ್ಲ ಸರ್."

"ಮತ್ತೆ ಇಡೀ ದಿನ ಏನು ಮಾಡ್ತಿದ್ರಿ?"

"ಮೀನು ನೋಡ್ತಿದ್ದೆ ಸರ್."

ಗೌಡರು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಅಷ್ಟು ಇಷ್ಟ ಇದ್ರೆ ನಾಳೆನೂ ಇಲ್ಲೇ ಕೂತು ನೋಡಿ. ನೋಡ್ತಾ ನೋಡ್ತಾ ಇದನ್ನೂ ತೊಳೆದ್ಬಿಡಿ," ಎಂದು ಸ್ಪಂಜನ್ನು ಅವನ ಕೈಗಿಟ್ಟು ಶರ್ಟು ಬದಲಿಸಲು ಒಳಗೆ ಹೋದರು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಜನಾರ್ದನನ ಎರಡೂ ಕೈ ಲೋಳೆಯಾಗಿತ್ತು. ಸಾವಿತ್ರಮ್ಮನೇ ಉಪಕಾರಕ್ಕೆಂದು ಫೋನು ತೆಗೆದು ಅವನ ಕಿವಿಗೆ ಹಿಡಿದರು.

"ರೀ, ರೇಷ್ಮೆ ಸೀರೆ ತೆಗೆದಿಟ್ಟಿದೀನಿ," ಎಂದಳು ಭಾಗೀರಥಿ. "ಬೆಳಗ್ಗೆ ಎಷ್ಟೊತ್ತಿಗೆ ಹೊರಡೋದು?"