ರವದಿ ತಿನ್ನುವ ಟೋಳಿ

ಕೊಳೆಸುವುದನ್ನೇ ಕಸುಬು ಮಾಡಿಕೊಂಡವರ ಬದುಕಿನಲ್ಲಿ ನಗುವಂಥ ಪ್ರಸಂಗ ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ನನ್ನ ಪಾಲಿಗೆ ಇದಕ್ಕೆಲ್ಲ ಮೂಲ ನನ್ನ ಕಾಕಾ. ರಾಯಬಾಗದ ಕಡೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ನಾನು ಸಣ್ಣವಳಿದ್ದಾಗ ಎಮ್ಮೆಯ ಮುಂದೆ ಜೋಳದ ಕಣಿಕೆ ಹಾಕುತ್ತ ಕೇಳಿದ್ದೆ: "ಕಾಕಾ, ಇದನ್ನ ನಾವು ತಿಂದ್ರ ಹೊಟ್ಟಿ ನೋಯ್ತದ. ಎಮ್ಮಿಗೆ ಯಾಕ ಏನೂ ಆಗಂಗಿಲ್ಲ?"

"ಎಮ್ಮಿ ಎಲ್ಲಿ ತಿಂತದ ಬೇ? ಅದು ಬರೇ ಹಮಾಲ. ಅಗದು ಒಳಗ ಒಯ್ದು ಚೆಲ್ತದ ಅಷ್ಟ. ಕರಗಸೋ ಸೂಕ್ಷ್ಮಜೀವಿಗೋಳು ಹೊಟ್ಟ್ಯಾಗ ಬ್ಯಾರೇನ ಅದಾವ. ಅವು ಉಂಡು ಬಿಟ್ಟಿದ್ದನ್ನ ಎಮ್ಮಿ ಉಣ್ತದ."

ಅವತ್ತಿನಿಂದ ಬಹಳ ದಿನ ಎಮ್ಮೆಯನ್ನು ಕಂಡರೆ ಅಯ್ಯೋ ಪಾಪ ಅನಿಸುತ್ತಿತ್ತು. ಆ ಕನಿಕರವೇ ಮುಂದೆ ನನ್ನನ್ನು ಬಿ.ಎಸ್ಸಿ. ತನಕ ಎಳೆದೊಯ್ದಿತು. ಎಂಬತ್ತರ ದಶಕದಲ್ಲಿ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ನನಗೆ ಒಂದು ವರ್ಷದ ಹಂಗಾಮಿ ನೌಕರಿಯೂ ಸಿಕ್ಕಿತು. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗರಿ ಬಿದ್ದಿರುತ್ತದಲ್ಲ, ಅದು ರವದಿ. ರೈತರು ಅದಕ್ಕೆ ಕಡ್ಡಿ ಗೀರಿ ಕೈ ತೊಳೆದುಕೊಳ್ಳುತ್ತಿದ್ದರು. ಹಾಗೆ ಸುಡದಂತೆ ಅವರನ್ನು ತಡೆಯಬೇಕು, ಗೋಧಿ ಹೊಟ್ಟಿನ ಮೇಲೆ ಬೆಳೆಸಿದ ಹಸಿರು ಬೂಷ್ಟನ್ನು ರವದಿಗೆ ಕಲಸಿ ಗೊಬ್ಬರ ಮಾಡಿಸಬೇಕು. ನನ್ನ ಕೆಲಸ ಇಷ್ಟೇ.

ಬದನಿಕಾಯಿ

ಅಥಣಿಯ ನಮ್ಮ ಓಣಿಯಲ್ಲಿ ಸೊಸೆ ನೌಕರಿಗೆ ಹೋಗುವ ಮನೆ ನಮ್ಮದೊಂದೇ. ಅತ್ತೆ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು. ಒಂದು ದಿನ ಪಕ್ಕದ ಮನೆಯವಳು ಕಟ್ಟೆಯ ಮೇಲೆ ಕೂತು ಕೇಳಿದಳು: "ನಿಮ್ಮ ಸೊಸಿ ಫ್ಯಾಕ್ಟರ್‍ಯಾಗ ಏನ ಮಾಡ್ತಾಳವ್ವಾ?"

ಅತ್ತೆ ಗಂಭೀರವಾಗಿ, "ಕಸಾ ಕೊಳಸ್ತಾಳ" ಅಂದರು.

"ಅದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ ಮತ್ತ! ಬಿ.ಎಸ್ಸಿ. ಆಗಿರಬೇಕು ಅದಕ್ಕ."

ಪಕ್ಕದವಳು ಒಳಗೆ ನಿಂತಿದ್ದ ತನ್ನ ಸೊಸೆಗೆ ಕೇಳುವ ಹಾಗೆ ನಿಟ್ಟುಸಿರು ಬಿಟ್ಟಳು. "ನಮ್ಮಾಕಿ ಹತ್ತನೆತ್ತಾ ಫೇಲು. ಆದರ ತಂದಿಟ್ಟ ಬದನಿಕಾಯಿ ಒಂದನ್ನೂ ಬಿಡಂಗಿಲ್ಲ ನೋಡವ್ವಾ, ಎಲ್ಲಾ ಕೊಳಸ್ತಾಳ. ಒಂದು ಅರ್ಜಿ ಹಾಕಸ್ಲಿ?"

ಕಾಟಾದ ಮೇಲೆ ರವದಿ

ಹಾರೂಗೇರಿಯಲ್ಲಿ ರೈತರ ಸಭೆ. ಸೆಲ್ಯುಲೋಸ್ ಅಂದರೆ ಏನು ಅನ್ನುವುದನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿ ಹೋಗಿದ್ದೆ.

"ಸಕ್ಕರಿ ಮಣಿ ಪೋಣಿಸಿದ ಉದ್ದನ್ನ ಸರಾ ಇದ್ದಂಗ ರೀ ಅದು. ಗರಿ, ಕಡ್ಡಿ, ಕಣಿಕಿ ಎಲ್ಲಾದ್ರಾಗೂ ಇರೋದು ಅದ. ನಾವು ಹಾಕೋ ಬೂಷ್ಟು ಏನ ಮಾಡ್ತದ, ಕಿಣ್ವ ಅಂತ ಒಂದು ರಸಾ ಬಿಡ್ತದ. ಅದು ಕಬ್ಬು ಕಡಿಯೋ ಆಳುಗಳ ಟೋಳಿ ಇದ್ದಂಗ. ಒಬ್ಬಾಂವ ಸರದ ನಡುವ ಕಡೀತಾನ. ಇನ್ನೊಬ್ಬಾಂವ ತುದಿಯಿಂದ ಎರಡೆರಡು ಮಣಿ ಮುರಕೊಂತ ಬರ್ತಾನ. ಮೂರನೇದಾಂವ ಆ ಜೋಡಿ ಬಿಡಿಸಿ ಒಂಟಿ ಸಕ್ಕರಿ ಮಾಡ್ತಾನ. ಆ ಸಕ್ಕರಿ ಬೂಷ್ಟು ತಿಂತದ. ಟೋಳ್ಯಾಗ ಒಬ್ಬಾಂವ ಇಲ್ಲಂದ್ರೂ ಕೆಲಸ ನಿಲ್ತದ."

ಎಲ್ಲರೂ ತಲೆದೂಗಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ರೈತ ಎದ್ದು ನಿಂತ. "ಅಂದ್ರ ರವದ್ಯಾಗೂ ಸಕ್ಕರಿ ಐತಿ?"

"ಐತ್ರಿ" ಅಂದೆ, ಇಷ್ಟು ಚೆಂದ ತಿಳಿಸಿದೆನಲ್ಲ ಎಂದು ಬೀಗುತ್ತ.

ಮೂರನೆಯ ದಿನ ಆ ರೈತ ಚಕ್ಕಡಿ ತುಂಬ ರವದಿ ಹೇರಿಕೊಂಡು ಕಾರ್ಖಾನೆಗೆ ಬಂದು ತೂಕದ ಕಾಟಾದ ಮೇಲೆ ಗಾಡಿ ನಿಲ್ಲಿಸಿಬಿಟ್ಟ. ಹಿಂದೆ ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೆ ಬೆಳೆಯಿತು. ಇವನು ಎತ್ತಿನ ಹಗ್ಗ ಬಿಡಲಿಲ್ಲ. "ಕಾಲೇಜ ಕಲ್ತ ಬಾಯಾರು ಹೇಳ್ಯಾರ. ಕಬ್ಬಿನ್ಯಾಗೂ ಸಕ್ಕರಿ, ಇದರಾಗೂ ಸಕ್ಕರಿ. ಅದಕ್ಕ ಯಾವ ರೇಟೋ ಇದಕ್ಕೂ ಅದ ಹಾಕ್ರಿ!"

ಕಬ್ಬಿನ ವಿಭಾಗದ ಮುಖ್ಯಸ್ಥರು, ಅಂದರೆ ನಮ್ಮ ಸಾಹೇಬರು, ನನ್ನನ್ನು ಅಲ್ಲಿಗೇ ಕರೆಸಿದರು. ಹೊಲಕ್ಕೆ ಹೆಂಗಸನ್ನು ಕಳಿಸುವುದು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. "ಏನ್ರಿ ಮೇಡಮ್, ನಾಳೆ ಸಗಣ್ಯಾಗ ಬೆಣ್ಣಿ ಐತಿ ಅಂತ ಹೇಳವ್ರಾ? ಬಾಯಿ ಮಾತು ಸಾಕು. ಒಂದು ತಿಪ್ಪಿ ಕೊಳಿಸಿ, ಕ್ಷೇತ್ರೋತ್ಸವದ ದಿನ ಎಲ್ಲಾರ ಮುಂದ ತೆಗೆದು ತೋರಸ್ರಿ. ಕೊಳೀಲಿಲ್ಲ ಅಂದ್ರ ಮನಿಗೆ ಹೋಗ್ರಿ."

ರೈತರನ್ನು ಹೊಲಕ್ಕೇ ಕರೆದು ತೋರಿಸುವ ಆ ಕ್ಷೇತ್ರೋತ್ಸವಕ್ಕೆ ಉಳಿದಿದ್ದು ಸುಮಾರು ಮೂರು ತಿಂಗಳು. ನೌಕರಿ ಹೋದರೆ ಓಣಿಯಲ್ಲಿ ಅತ್ತೆಯ ಮುಖ ಹೇಗಿರುತ್ತದೆ, ಆ ಮುಖದ ಎದುರು ನಾನು ಹೇಗೆ ರೊಟ್ಟಿ ಬಡಿಯಲಿ ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಆ ರೈತ ಗಾಡಿ ಹೊರಳಿಸುತ್ತ ಸಾಹೇಬರಿಗೆ ಕೂಗಿ ಹೇಳಿದ: "ನಿಮ್ಮ ಮಶೀನಿಗೆ ಇದರಾಗಿಂದು ಸಕ್ಕರಿ ತೆಗ್ಯಾಕ ಆಗಂಗಿಲ್ಲಂದ್ರ ಹೇಳ್ರಿ ಸಾಹೇಬ್ರ, ನಮ್ಮ ಎಮ್ಮಿ ತಂದು ಕಟ್ತೀನಿ!"

ಹೊತ್ತು ಮುಳುಗಿದ ಮೇಲೆ

ತಿಪ್ಪೆಗೆ ಜಾಗ ಕೊಟ್ಟವರು ಶೇಡಬಾಳದ ಒಬ್ಬ ಜೈನ ಅಜ್ಜ. ಅವರು ಮೊದಲಿನಿಂದಲೂ ರವದಿ ಸುಟ್ಟವರಲ್ಲ. "ಬೆಂಕಿ ಹಚ್ಚಿದ್ರ ಒಳಗಿನ ಇರಿವಿ, ಹುಳಾ ಎಲ್ಲಾ ಹೋಗ್ತಾವ. ಆ ಪಾಪ ನನಗ್ಯಾಕ?" ಅನ್ನುತ್ತಿದ್ದರು. ನನಗೆ ಇಂಥವರೇ ಬೇಕಾಗಿತ್ತು. ಮನೆಯ ಪಕ್ಕದಲ್ಲೇ ಜಾಗ ತೋರಿಸಿದರು. ರವದಿ ಹಾಸಿ, ಸಗಣಿ ರಾಡಿ ಚಿಮುಕಿಸಿ, ಬೂಷ್ಟಿನ ಪೊಟ್ಟಣ ಬಿಚ್ಚಬೇಕು ಅನ್ನುವಾಗ ಅಜ್ಜ ಕೈ ಅಡ್ಡ ಹಿಡಿದರು.

"ಬಾಯಾರ, ಇದರಾಗ ಇರೋವು ಜೀವ ಹೌದಲ್ಲ?"

"ಹೌದ್ರಿ ಅಜ್ಜಾರ."

"ಎಷ್ಟೊತ್ತಿಗೆ ಉಣ್ತಾವ?"

"ಹೊತ್ತು ಅಂತ ಏನೂ ಇಲ್ರಿ. ಹಗಲೂ ರಾತ್ರಿ ಉಣ್ಣೂದ ಕೆಲಸ."

ಅಜ್ಜನ ಮುಖ ಸಣ್ಣಗಾಯಿತು. ಗಡ್ಡೆ ಗೆಣಸನ್ನು ಎಂದೂ, ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಮನೆ ಅದು. "ಹೊತ್ತು ಮುಳಗಿದ ಮ್ಯಾಲೂ?"

"ಹೂಂ ರೀ."

"ಉಳ್ಳಾಗಡ್ಡಿ, ಬಟಾಟಿ?"

ಸುಳ್ಳು ಹೇಳುವ ಧೈರ್ಯ ಸಾಲಲಿಲ್ಲ. "ಕೊಟ್ರ ಅದನ್ನೂ ಬಿಡಂಗಿಲ್ರಿ."

ಅಜ್ಜ ಬಹಳ ಹೊತ್ತು ಮೀಸೆ ತಿರುವಿದರು. ನನ್ನ ನೌಕರಿ ಅವರ ಮೀಸೆಯ ತುದಿಯಲ್ಲಿ ತೂಗುತ್ತಿತ್ತು. ಕಡೆಗೆ ಹಾಸಿದ ರವದಿಯನ್ನೆಲ್ಲ ಎತ್ತಿಸಿ ಹೊಲದ ಆಚೆಯ ತುದಿಗೆ ಹೊರಿಸಿದರು. "ಅವು ಏನರ ಉಣ್ಣಲಿ, ಎಷ್ಟೊತ್ತಿಗರ ಉಣ್ಣಲಿ. ಮನಿ ಮುಂದ ಮಾತ್ರ ಬ್ಯಾಡ. ನಮ್ಮ ಮೊಮ್ಮಕ್ಕಳು ನೋಡಿ ಕಲೀತಾರ."

ಸಾಕ್ಷಿಯ ಅರಿವಿ

ತಿಪ್ಪೆ ಮುಚ್ಚುವ ದಿನ ಸಾಹೇಬರು ಜೀಪಿನಲ್ಲಿ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ದೂರವೇ ನಿಂತರು. ಅವರಿಗೊಂದು ಗುಮಾನಿ: ಕ್ಷೇತ್ರೋತ್ಸವದ ಹಿಂದಿನ ದಿನ ನಾವು ಯಾರದೋ ಹಳೆಯ ಗೊಬ್ಬರ ತಂದು ಸುರಿದರೆ?

"ಒಂದು ಗುರುತು ಇಡೂಣು" ಅಂದವರೇ ತಮ್ಮ ಡ್ರೈವರಿಗೆ ಹೇಳಿದರು: "ಜೀಪಿನ್ಯಾಗ ನನ್ನ ಬ್ಯಾಗ ಐತಿ ನೋಡು. ಮ್ಯಾಲಿನ ಬಿಳೇ ಅರಿವಿ ತಗದು ತಿಪ್ಪಿ ನಡುವ ಇಡು. ಉತ್ಸವದ ದಿನ ಅದು ಸಿಗಬೇಕು. ಸಿಗಲಿಲ್ಲಂದ್ರ ಈ ಗೊಬ್ಬರ ಬ್ಯಾರೇದು."

ಕೂದಲು ನರೆತ ಡ್ರೈವರು ಇಸ್ತ್ರಿ ಮಾಡಿ ಮಡಚಿದ ಬಿಳಿ ಬಟ್ಟೆಯೊಂದನ್ನು ತಂದು, ಸಾಹೇಬರ ಹೆಂಡತಿ ಇಟ್ಟ ಮಡಿಕೆ ಬಿಚ್ಚದೆ ಒಳಗೆ ತುರುಕಿದ.

ನನಗೆ ತಡೆಯಲಾಗಲಿಲ್ಲ. "ಸರ್, ಅದು ಹತ್ತಿ ಅರಿವಿ. ಹತ್ತಿ ಅಂದ್ರನೂ ಸೆಲ್ಯುಲೋಸ್. ರವದಿ ತಿಂದ ಜೀವಿ ಅದನ್ನೂ ತಿಂತದ. ಗೊಬ್ಬರ ಆತು ಅಂದ್ರ ಅರಿವಿ ಉಳಿಯಂಗಿಲ್ರಿ."

"ಕಬ್ಬಿನ ಗರಿ ಬ್ಯಾರೆ, ಅಂಗಡ್ಯಾಗಿನ ಅರಿವಿ ಬ್ಯಾರೆ. ನನಗ ಕಲಸಬ್ಯಾಡ್ರಿ."

ಅಜ್ಜ ನಿಧಾನವಾಗಿ ಲೆಕ್ಕ ಹಾಕಿದರು. "ಅಂದ್ರ ಸಾಹೇಬ್ರ, ಅರಿವಿ ಸಿಕ್ರ ಗೊಬ್ಬರ ಆಗಿಲ್ಲ. ಅರಿವಿ ಸಿಗಲಿಲ್ಲಂದ್ರ ಗೊಬ್ಬರ ನಮ್ಮದಲ್ಲ. ಹೌದಲ್ರಿ?"

"ಹೌದು" ಅಂದು ಸಾಹೇಬರು ಜೀಪು ಹತ್ತಿದರು.

ಧೂಳು ಆರಿದ ಮೇಲೆ ಅಜ್ಜ ನನ್ನ ಕಡೆ ತಿರುಗಿದರು. "ಬಾಯಾರ, ನಿಮ್ಮನ್ನ ಮನಿಗೆ ಕಳಸಾಕ ಇವರು ಇಷ್ಟ್ಯಾಕ ತ್ರಾಸ ತಗೋತಾರ? ನಡೀರಿ ಅಂದಿದ್ರ ಮುಗೀತಿತ್ತು."

ಕಳವು

ಮರುದಿನ ಕಾರ್ಖಾನೆಯಲ್ಲಿ ಇದೇ ಸುದ್ದಿ. ಸಾಹೇಬರು ಪ್ರವಾಸದಲ್ಲಿ ಉಳಿದುಕೊಂಡಿದ್ದ ಬಂಗಲೆಯಲ್ಲಿ ಅವರ ಪಾಯಜಾಮಾ ಕಳವಾಗಿದೆಯಂತೆ. ಹಾಸಿಗೆ ಕೊಡವಿಸಿದರಂತೆ, ಖಾನಸಾಮಾನ ಗಂಟು ಬಿಚ್ಚಿಸಿದರಂತೆ, ಕಡೆಗೆ ಟೇಬಲ್ಲಿನ ಮೇಲೆ ಹಾಸಿದ್ದ ಬಟ್ಟೆ ಸುತ್ತಿಕೊಂಡು ಮಲಗಿದರಂತೆ. ಹೂವಿನ ಕಸೂತಿ ಹಾಕಿದ ಬಟ್ಟೆಯಂತೆ.

ಇದನ್ನು ಎಲ್ಲರೂ ಬಿದ್ದು ಬಿದ್ದು ನಕ್ಕು ಹೇಳಿದರು. ಡ್ರೈವರು ಒಬ್ಬ ಮಾತ್ರ ನಗಲಿಲ್ಲ. ಅವನು ಅವತ್ತಿನಿಂದ ಜೀಪನ್ನು ದಿನಕ್ಕೆ ಎರಡು ಸಲ ಒರೆಸತೊಡಗಿದ.

ಲೌಡ್‌ಸ್ಪೀಕರ್

ತಿಪ್ಪೆ ಮೈಯೆಲ್ಲ ಬಿಸಿಯಾಗಿ ಹಬೆಯಾಡಿತು, ಅರಿವಿಯ ಮಡಿಕೆ ಬಿಚ್ಚದೆ ಒಂದು ಸಲ ಹೊರಳಿಸಿದೆವು, ಆಮೇಲೆ ತಣ್ಣಗಾಗಿ ಕುಗ್ಗಿತು. ಕ್ಷೇತ್ರೋತ್ಸವದ ದಿನ ಶೇಡಬಾಳದವರಷ್ಟೇ ಅಲ್ಲ, ಕಾಗವಾಡದಿಂದ, ಸತ್ತಿಯಿಂದಲೂ ರೈತರು ಬಂದಿದ್ದರು. ಹಾರೂಗೇರಿಯ ರವದಿ ಗಾಡಿಯವನಂತೂ ಮುಂದಿನ ಸಾಲಿನಲ್ಲೇ ಕೂತಿದ್ದ. ಪೆಂಡಾಲಿಗೆ ಎರಡು ದೊಡ್ಡ ಲೌಡ್‌ಸ್ಪೀಕರ್ ಕಟ್ಟಿದ್ದರು.

ಅಜ್ಜ ಸಲಿಕೆ ಹಾಕಿ ತಿಪ್ಪೆ ಒಡೆದರು. ಒಳಗೆ ಚಹಾಪುಡಿಯಂಥ ಕಪ್ಪು ಗೊಬ್ಬರ. ಮುದುಕರು ಬೊಗಸೆಯಲ್ಲಿ ಎತ್ತಿ ಮೂಸಿದರು. ನನಗೆ ಉಸಿರು ಬಂತು. ಬಂದ ಉಸಿರು ಅಲ್ಲೇ ನಿಂತಿತು. ಸಾಹೇಬರು ಮೈಕ್ ಕೈಗೆತ್ತಿಕೊಂಡಿದ್ದರು.

"ಗೊಬ್ಬರ ಚಲೋ ಐತಿ. ಆದರ ಇದರಾಗ ನಾನು ಒಂದು ಅರಿವಿ ಇಡಿಸಿದ್ದೆ. ಎಲ್ಲೈತ್ರಿ ಅದು, ಮೇಡಮ್?"

ಅಜ್ಜ ಪೂರ್ತಿ ತಿಪ್ಪೆ ಹರವಿದರು. ಅರಿವಿ ಹೋಗಲಿ, ಒಂದು ಎಳೆಯೂ ಇಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡರು. "ಅಂದ್ರ, ರೈತ ಬಾಂಧವರ, ಇದರ ಅರ್ಥ ಏನಪಾ ಅಂದ್ರ..."

ಅಷ್ಟರಲ್ಲಿ ಸಲಿಕೆಯ ತುದಿಗೆ ಉದ್ದಕ್ಕೆ ಹಸಿರಾಗಿ ಏನೋ ತೊಡರಿ ಮೇಲೆದ್ದಿತು. "ಹಾವು! ಹಾವು!" ಎಂದು ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬಿತ್ತು. ಅಜ್ಜ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು. ತುದಿಗಳಿಗೆ ಗಂಟು ಹಾಕಿದ ನೈಲಾನ್ ಲಾಡಿ.

ಸಾಹೇಬರ ಕಣ್ಣರಳಿದವು. ಮೂರು ತಿಂಗಳು ಹುಡುಕಿದ ಮನುಷ್ಯ, ಕೈಯಲ್ಲಿ ಮೈಕ್ ಇದೆ ಅನ್ನುವುದನ್ನೇ ಮರೆತರು.

"ಅರೇ, ಇದು ನನ್ನ ಪಾಯಜಾಮಾದ ಲಾಡಿ!"

ಎರಡೂ ಲೌಡ್‌ಸ್ಪೀಕರ್ ಅದನ್ನು ಬಸ್ ಸ್ಟ್ಯಾಂಡಿನವರೆಗೆ ಮುಟ್ಟಿಸಿದವು. ಜೀಪಿನ ಹಿಂದೆ ಡ್ರೈವರು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ.

ಅಜ್ಜ ಬಹಳ ವಿನಯದಿಂದ ಕೇಳಿದರು: "ಗುರುತು ಸಿಕ್ತಲ್ರಿ ಸಾಹೇಬ್ರ? ಅಂದ್ರ ಇದು ಅವತ್ತಿನ ತಿಪ್ಪಿನ. ಬಾಯಾರದು ಏನೂ ಮೋಸ ಇಲ್ಲ. ಹೌದಲ್ರಿ?"

ಸಾಹೇಬರು ಸುತ್ತ ನೋಡಿದರು. ಲಾಡಿ ತಮ್ಮದಲ್ಲ ಅನ್ನುವ ಹಾಗಿರಲಿಲ್ಲ. "ಹೌದು" ಅಂದರು. ಆ ಹೌದನ್ನೂ ಲೌಡ್‌ಸ್ಪೀಕರ್ ಊರಿಗೆಲ್ಲ ಹಂಚಿತು. ಮುಂದಿನ ತಿಂಗಳು ನನ್ನ ನೌಕರಿ ಖಾಯಂ ಆಗಿದ್ದು ಆ ಒಂದು ಶಬ್ದದ ಮೇಲೆ.

ಹೋಗುವಾಗ ಸಾಹೇಬರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಎಲ್ಲಾ ತಿಂದು ಲಾಡಿ ಒಂದ ಯಾಕ ಬಿಟ್ಟಾವ್ರಿ?"

"ಅದು ನೈಲಾನ್, ಸರ್. ಅದರಾಗ ಸೆಲ್ಯುಲೋಸ್ ಇಲ್ಲ. ನಮ್ಮ ಟೋಳಿ ಕಡೆ ಅದನ್ನ ಕಡಿಯೋ ಕುಡಗೋಲಿಲ್ರಿ."

ಅಜ್ಜ ಲಾಡಿಯನ್ನು ತೊಳೆದು, ಎರಡೂ ಕೈಯಲ್ಲಿ ಸಾಹೇಬರಿಗೆ ಒಪ್ಪಿಸುತ್ತ ಅಂದರು: "ಹಂಗಲ್ರಿ ಬಾಯಾರ. ರಾತ್ರಿ ಉಂಡ್ರೂ, ಉಳ್ಳಾಗಡ್ಡಿ ತಿಂದ್ರೂ ಸಂಸ್ಕಾರ ಐತಿ ಅವಕ್ಕ. ಪಾಯಜಾಮಾ ಬಿಚ್ಚ್ಯಾವ, ಲಾಡಿಗೆ ಕೈ ಹಚ್ಚಿಲ್ಲ ನೋಡ್ರಿ."

ಕಾಕಾ ನನಗೆ ಹೇಳಿದ್ದನ್ನು ನಾನು ನಿಮಗೆ ಮುಟ್ಟಿಸಿದ್ದೇನೆ, ಇನ್ನು ನೀವು ಮುಂದಿನವರಿಗೆ ಮುಟ್ಟಿಸಿ. ಹೇಳುವಾಗ ಸೆಲ್ಯುಲೋಸ್ ಅನ್ನುವ ಹೆಸರು ಮರೆತರೂ ನಡೆಯುತ್ತದೆ, ಲಾಡಿಯನ್ನು ಮಾತ್ರ ಮರೆಯಬೇಡಿ.